ಕಿಸೋ ಕಣಿವೆಯಲ್ಲಿ ಒಂದು ರಾತ್ರಿ

ಜಪಾನಿನ ನಾಗೋಯಾ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಒತ್ತಾಯಕ್ಕೆ ಮಣಿದು, ಕಳೆದ ಶರದೃತುವಿನಲ್ಲಿ ನಾವು ದಂಪತಿಗಳು ಆ ದೇಶಕ್ಕೆ ಹೋಗಿ ಮೂರು ವಾರ ಇದ್ದು ಬಂದೆವು. ಟೋಕಿಯೋದ ಜನಸಂದಣಿ, ಕ್ಯೋಟೋದ ದೇವಾಲಯಗಳು, ಬಾಣದಂತೆ ಸಾಗುವ ರೈಲು ಇವುಗಳ ವರ್ಣನೆಯನ್ನು ಓದುಗರು ಬೇರೆಡೆ ಸಾಕಷ್ಟು ಓದಿರಬಹುದು. ನಾವು ಇಲ್ಲಿ ಹೇಳಹೊರಟಿರುವುದು ಒಂದು ಕಾಲುಹಾದಿಯ ವಿಚಾರ, ಆ ಹಾದಿಯ ಬದಿಯ ಮನೆಯೊಂದರಲ್ಲಿ ಕಳೆದ ಒಂದು ರಾತ್ರಿಯ ವಿಚಾರ.

ಅದಕ್ಕೂ ಮುನ್ನ ನಮ್ಮ ಮನೆಯ ಸಂಗತಿಯೊಂದನ್ನು ಹೇಳಬೇಕು. ಕಾಸರಗೋಡಿನ ಒಳನಾಡಿನಲ್ಲಿರುವ ನಮ್ಮ ಹಿರಿಯರ ಮನೆಗೆ ಬೀಗ ಬಿದ್ದು ಆರು ವರ್ಷಗಳಾಗಿದ್ದುವು. ನಾವು ಪೇಟೆಯಲ್ಲಿ ನೆಲೆಸಿದ್ದೇವೆ; ಮಗನು ಪರದೇಶದಲ್ಲಿದ್ದಾನೆ. ಮರದ ವ್ಯಾಪಾರಿಯೊಬ್ಬರು ಬಂದು ಚಾವಡಿಯ ಕಂಬಗಳನ್ನೂ ಅಟ್ಟದ ತೊಲೆಗಳನ್ನೂ ತಟ್ಟಿ ನೋಡಿ ಬೆಲೆ ಕಟ್ಟಿದ್ದರು. ಪ್ರವಾಸದಿಂದ ಮರಳಿದ ಮೇಲೆ ಉತ್ತರ ಹೇಳುವುದಾಗಿ ತಿಳಿಸಿ ನಾವು ವಿಮಾನ ಹತ್ತಿದ್ದೆವು.

ಇಂದಿನ ಟೋಕಿಯೋ ನಗರಕ್ಕೆ ಹಿಂದೆ ಎಡೋ ಎಂಬ ಹೆಸರಿತ್ತು. ಶೋಗುನರ ಆಳ್ವಿಕೆಯಲ್ಲಿ ಅಲ್ಲಿಂದ ಐದು ರಾಜಮಾರ್ಗಗಳು ಹೊರಡುತ್ತಿದ್ದುವು. ಅವುಗಳಲ್ಲಿ ಬೆಟ್ಟಸಾಲುಗಳ ನಡುವಿನಿಂದ ಕ್ಯೋಟೋ ನಗರವನ್ನು ಸೇರುತ್ತಿದ್ದುದು ನಾಕಾಸೆಂಡೋ. ಸುಮಾರು 530 ಕಿಲೋಮೀಟರು ಉದ್ದದ ಈ ದಾರಿಯಲ್ಲಿ 69 ತಂಗುದಾಣಗಳಿದ್ದುವು; ಅವುಗಳಲ್ಲಿ ಹನ್ನೊಂದು ಕಿಸೋ ನದಿಯ ಇಕ್ಕಟ್ಟಾದ ಕಣಿವೆಗೆ ಸೇರಿದವು. ಸಾಮಂತ ಪ್ರಭುಗಳು ಪರಿವಾರ ಸಮೇತ ಎಡೋಗೆ ಹೋಗಿಬರುತ್ತಿದ್ದುದೂ, 1861ರಲ್ಲಿ ರಾಜಕುಮಾರಿ ಕಾಜುನೋಮಿಯಾ ಶೋಗುನನನ್ನು ವರಿಸಲು ಸಾವಿರಾರು ಜನರ ಮೆರವಣಿಗೆಯಲ್ಲಿ ಸಾಗಿದುದೂ ಈ ಹಾದಿಯಲ್ಲೇ. ತಂಗುದಾಣಗಳಲ್ಲಿ ಪ್ರಭುಗಳಿಗೆ ಹೋಂಜಿನ್ ಎಂಬ ದೊಡ್ಡ ಮನೆ. ಸಾಮಾನ್ಯರಿಗೆ ಊಟವಿಕ್ಕಿ ಮಲಗಲು ಚಾಪೆ ಕೊಡುವ ಹಾತಾಗೋ ಎಂಬ ವಸತಿಗೃಹ. ಅದಕ್ಕೂ ಕೈಯಲ್ಲಿ ಕಾಸಿಲ್ಲದವರಿಗೆ ಇನ್ನೊಂದು ಬಗೆಯ ಬಿಡಾರವಿತ್ತು. ಅಲ್ಲಿ ಯಾತ್ರಿಕನು ತನ್ನ ಅಕ್ಕಿಯನ್ನು ತಾನೇ ಬೇಯಿಸಿಕೊಂಡು, ಉರಿಸಿದ ಸೌದೆಯ ಬೆಲೆಯನ್ನಷ್ಟೇ ಕೊಟ್ಟು ಹೋಗುತ್ತಿದ್ದನು. ಅದರ ಹೆಸರೇ ಕಿಚಿನ್‌ಯಾದೋ, ಅಂದರೆ ಸೌದೆಯ ಬೆಲೆಯ ವಸತಿ.

ನಾಗೋಯಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಸಾಗಿ ನಾಕಾತ್ಸುಗಾವಾದಲ್ಲಿ ಇಳಿದು, ಬಸ್ಸು ಹಿಡಿದು ಮಾಗೋಮೆ ಎಂಬ ಹಳೆಯ ತಂಗುದಾಣಕ್ಕೆ ಬಂದೆವು. ಬೆಟ್ಟದ ಇಳಿಜಾರಿನಲ್ಲಿ ಕಲ್ಲು ಹಾಸಿದ ಒಂದೇ ಬೀದಿ. ಅದರ ಇಕ್ಕೆಲಗಳಲ್ಲಿ ಕಪ್ಪಾದ ಮರದ ಮನೆಗಳು. ಅಲ್ಲಲ್ಲಿ ತಿರುಗುವ ನೀರಿನ ಚಕ್ರ. 1895 ಮತ್ತು 1915ರ ಬೆಂಕಿ ಅನಾಹುತಗಳಲ್ಲಿ ಊರು ಸುಟ್ಟುಹೋಗಿತ್ತಾದ್ದರಿಂದ ಈಗಿನ ಕಟ್ಟಡಗಳು ಅನಂತರದವು. ಜಪಾನಿನ ಹೆಸರಾಂತ ಸಾಹಿತಿ ಶಿಮಾಜಾಕಿ ತೋಸೋನ್ 1872ರಲ್ಲಿ ಹುಟ್ಟಿದುದು ಇಲ್ಲಿಯ ಹೋಂಜಿನ್ ಮನೆಯಲ್ಲಿ. ಹಳೆಯ ವ್ಯವಸ್ಥೆ ಕುಸಿದು ಹೊಸ ಕಾಲ ಬಂದಾಗ ಈ ಕಣಿವೆಯ ಜನರು ಪಟ್ಟ ಪಾಡನ್ನು ಅವರು ತಮ್ಮ ತಂದೆಯ ಬಾಳನ್ನೇ ಆಧಾರವಾಗಿಟ್ಟುಕೊಂಡು ಬೃಹತ್ ಕಾದಂಬರಿಯೊಂದರಲ್ಲಿ ಚಿತ್ರಿಸಿದ್ದಾರೆ.

ಮಾಗೋಮೆಯಿಂದ ಮುಂದಿನ ತಂಗುದಾಣವಾದ ತ್ಸುಮಾಗೋಗೆ ಕಾಲ್ನಡಿಗೆಯಲ್ಲಿ ಎಂಟು ಕಿಲೋಮೀಟರು. ಮೊದಲು ಏರು, ಸುಮಾರು 800 ಮೀಟರು ಎತ್ತರದ ಕಣಿವೆದಾರಿಯನ್ನು ದಾಟಿದ ಮೇಲೆ ಇಳಿತ. ಆ ನೆತ್ತಿಯಲ್ಲಿ ಮಗನು ನಮ್ಮನ್ನು ನಿಲ್ಲಿಸಿ, “ಇಲ್ಲಿಗೆ ಗಿಫು ಪ್ರಾಂತ ಮುಗಿದು ನಾಗಾನೋ ಪ್ರಾಂತ ಆರಂಭವಾಗುತ್ತದೆ” ಎಂದನು. ಈ ಗಡಿ ಹಳೆಯದಲ್ಲ. 2005ರ ಫೆಬ್ರವರಿಯವರೆಗೆ ಮಾಗೋಮೆಯೂ ನಾಗಾನೋ ಪ್ರಾಂತದ್ದಾಗಿತ್ತು. ಅದು ಸೇರಿದ್ದ ಗ್ರಾಮವು ನಾಕಾತ್ಸುಗಾವಾ ನಗರದೊಂದಿಗೆ ವಿಲೀನಗೊಂಡಾಗ ಊರೇ ಗಿಫು ಪ್ರಾಂತಕ್ಕೆ ಸೇರಿಹೋಯಿತು. ತಮ್ಮ ನಾಡಿನ ಮಹಾಸಾಹಿತಿಯ ಹುಟ್ಟೂರು ಕೈಬಿಟ್ಟುಹೋಯಿತೆಂದು ನಾಗಾನೋದ ಕೆಲವರು ನೊಂದುಕೊಂಡರಂತೆ. 1956ರ ನವೆಂಬರ್ ಒಂದನೆಯ ತಾರೀಕನ್ನು ಮರೆಯದ ಊರಿನವರಾದ ನಮಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹಾದಿ ಮಾತ್ರ ಗಡಿಯನ್ನು ಲೆಕ್ಕಿಸದೆ ಮುಂದುವರಿಯಿತು, ನಾವೂ ಮುಂದುವರಿದೆವು.

ಇಳಿಜಾರಿನಲ್ಲಿ ದೇವದಾರನ್ನು ಹೋಲುವ ಹಿನೋಕಿ ಮರಗಳ ದಟ್ಟ ಕಾಡು. ಕರಡಿಗಳನ್ನು ದೂರವಿಡಲು ಹಾದಿಯುದ್ದಕ್ಕೂ ಗಂಟೆಗಳನ್ನು ತೂಗುಹಾಕಿದ್ದಾರೆ. ನಡೆಯುವವರು ಅವನ್ನು ಬಾರಿಸುತ್ತ ಹೋಗಬೇಕು. ಗುಡಿಯ ಗಂಟೆ ಬಾರಿಸಿ ಅಭ್ಯಾಸವಾದ ನಮ್ಮ ಯಜಮಾನತಿಗೆ ಈ ಕೆಲಸ ಬಲು ಇಷ್ಟವಾಯಿತು. ಕಿಸೋ ಕಾಡಿನ ಐದು ಜಾತಿಯ ಮರಗಳನ್ನು ಕಡಿಯುವುದಕ್ಕೆ ಹಿಂದೆ ಕಟ್ಟುನಿಟ್ಟಾದ ನಿಷೇಧವಿತ್ತು. ಒಂದು ಮರಕ್ಕೆ ಒಂದು ತಲೆ ಎಂಬ ಮಾತು ಅಲ್ಲಿ ಇಂದಿಗೂ ಜನರ ಬಾಯಲ್ಲಿದೆ. ನಡುದಾರಿಯಲ್ಲಿ ಹಳೆಯ ಚಹದ ಮನೆಯೊಂದು ಸಿಕ್ಕಿತು. ಅಲ್ಲಿ ಒಲೆಯ ಮೇಲೆ ಕಾದ ಚಹವನ್ನು ದಾರಿಹೋಕರಿಗೆ ಬೆಲೆಯಿಲ್ಲದೆ ಕೊಡುತ್ತಾರೆ. ಮನಸ್ಸಿದ್ದವರು ಡಬ್ಬಿಗೆ ಕಾಸು ಹಾಕಬಹುದು. ಬೇಸಗೆಯಲ್ಲಿ ದಾರಿಬದಿಯಲ್ಲಿ ಮಜ್ಜಿಗೆನೀರು ಇಟ್ಟುಕೊಂಡು ಕುಳಿತಿರುತ್ತಿದ್ದ ನಮ್ಮೂರಿನ ಹಿರಿಯರ ನೆನಪಾಯಿತು.

ಸಂಜೆ ನಾಲ್ಕರ ಸುಮಾರಿಗೆ, ತ್ಸುಮಾಗೋಗೆ ಸ್ವಲ್ಪ ಈಚೆಗಿರುವ ಹಳ್ಳಿಯಲ್ಲಿ ಮಗನು ಗೊತ್ತುಮಾಡಿದ್ದ ಮಿನ್ಶುಕು ತಲಪಿದೆವು. ಮಿನ್ಶುಕು ಎಂದರೆ ಜನವಸತಿ. ಒಂದು ಕುಟುಂಬವು ತಾನು ವಾಸಿಸುವ ಮನೆಯಲ್ಲೇ ನಾಲ್ಕೈದು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟು, ರಾತ್ರಿಯ ಮತ್ತು ಬೆಳಗಿನ ಊಟವನ್ನು ತಾನೇ ಬಡಿಸುವ ಏರ್ಪಾಡು. ಬಾಡಿಗೆಯನ್ನು ಕೋಣೆಗಲ್ಲ, ತಲೆಗೆ ಲೆಕ್ಕ ಹಾಕುತ್ತಾರೆ. ಎರಡು ಊಟಗಳೂ ಅದರಲ್ಲೇ ಸೇರಿರುತ್ತವೆ. ಎಪ್ಪತ್ತು ದಾಟಿದ ದಂಪತಿಗಳು ಬಾಗಿಲಲ್ಲಿ ಮೊಣಕಾಲೂರಿ ಬಾಗಿ ವಂದಿಸಿ ನಮ್ಮನ್ನು ಒಳಗೆ ಕರೆದರು. ಪಾದರಕ್ಷೆಯನ್ನು ಹೊಸ್ತಿಲ ಕೆಳಗೇ ಬಿಡಬೇಕು. ಮರದ ಹಲಗೆಯ ಮೇಲೆ ನಡೆಯಲು ಮನೆಯ ಮೆಟ್ಟು. ತಾತಾಮಿ ಚಾಪೆ ಹಾಸಿದ ಕೋಣೆಯಲ್ಲಿ ಅದೂ ನಿಷಿದ್ಧ. ಶೌಚಕ್ಕೆ ಬೇರೆಯೇ ಜೋಡು. ಮಡಿ ಮೈಲಿಗೆಗಳ ನಡುವೆ ಬೆಳೆದ ನಾವು ಈ ನಿಯಮಗಳನ್ನು ಬೇಗನೆ ಕಲಿತೆವು.

ಸ್ನಾನದ ಕ್ರಮವನ್ನು ಮಗನು ಮೊದಲೇ ಹೇಳಿದ್ದನು. ಹಿನೋಕಿ ಹಲಗೆಯ ತೊಟ್ಟಿಯಲ್ಲಿ ಕುತ್ತಿಗೆ ಮುಳುಗುವಷ್ಟು ಬಿಸಿನೀರು ಇರುತ್ತದೆ. ಹೊರಗೆ ಕುಳಿತು ಸಾಬೂನು ಹಚ್ಚಿ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಅದರೊಳಗೆ ಇಳಿಯಬೇಕು. ಅದು ಮೈ ತೊಳೆಯುವ ನೀರಲ್ಲ, ಮೈ ಕಾಯಿಸುವ ನೀರು. ಅದೇ ನೀರಿನಲ್ಲಿ ಅತಿಥಿಗಳೆಲ್ಲರೂ ಕೂರಬೇಕಾದುದರಿಂದ, ಎದ್ದ ಮೇಲೆ ಚೆಲ್ಲದೆ ಮುಚ್ಚಳ ಹಾಕಿ ಬರಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿಯೂ ನಾವು ಒಂದೆಡೆ ತಪ್ಪಿದೆವು. ಸ್ನಾನದ ಅನಂತರ ಉಡಲು ಕೊಟ್ಟ ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ಬಲಮಗ್ಗುಲು ಮೇಲೆ ಬರುವಂತೆ ಸುತ್ತಿಕೊಂಡು ಹೊರಬಂದೆವು. ಮನೆಯೊಡತಿ ಒಂದು ಕ್ಷಣ ಬೆದರಿದಂತೆ ಕಂಡರು. ಮರುಕ್ಷಣವೇ ನಗುತ್ತ ಬಂದು ನಮ್ಮ ಯಜಮಾನತಿಯ ಸೊಂಟದ ಪಟ್ಟಿ ಬಿಚ್ಚಿ ಎಡಮಗ್ಗುಲನ್ನು ಮೇಲೆ ತಂದು ಕಟ್ಟಿದರು. ಬಲಮಗ್ಗುಲು ಮೇಲಾಗಿ ಉಡಿಸುವುದು ಸತ್ತವರಿಗೆ ಮಾತ್ರವಂತೆ. ಪಿತೃಕಾರ್ಯದಲ್ಲಿ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವ ನಮಗೆ ಆ ಬೆದರಿಕೆಯ ಅರ್ಥ ಒಡನೆಯೇ ತಿಳಿಯಿತು.

ನಡುಮನೆಯ ನೆಲದಲ್ಲಿ ಇರೋರಿ ಎಂಬ ಚೌಕಾಕಾರದ ಅಗ್ನಿಕುಂಡ. ಮೇಲಿನ ತೊಲೆಯಿಂದ ಇಳಿಬಿಟ್ಟ ಕೊಕ್ಕೆಗೆ ಕಬ್ಬಿಣದ ಕೆಟಲು. ಕೊಕ್ಕೆಯನ್ನು ಏರಿಸಿ ಇಳಿಸುವ ಮರದ ತುಂಡಿಗೆ ಮೀನಿನ ಆಕಾರ. ಮೀನು ನೀರಿನ ಜೀವಿಯಾದ್ದರಿಂದ ಮನೆಗೆ ಬೆಂಕಿ ತಗಲದಂತೆ ಕಾಯುತ್ತದೆ ಎಂಬ ನಂಬಿಕೆ. ತಲೆಯೆತ್ತಿ ನೋಡಿದರೆ ತೊಲೆ ಜಂತಿಗಳೆಲ್ಲ ಎಣ್ಣೆ ಪೂಸಿದಂತೆ ಕರ್ರಗೆ ಹೊಳೆಯುತ್ತಿದ್ದುವು. ಬೆಂಕಿಯ ಹೊಗೆ ಮರವನ್ನು ಒಣಗಿಸಿ, ಹುಳ ಹಿಡಿಯದಂತೆ ಕಾಪಾಡುತ್ತದೆ ಎಂದು ಮನೆಯೊಡೆಯರು ವಿವರಿಸಿದರು. ನಮ್ಮಜ್ಜಿಯೂ ಅಡಿಗೆಮನೆಯ ಅಟ್ಟವನ್ನು ತೋರಿಸಿ ಇದನ್ನೇ ಹೇಳುತ್ತಿದ್ದರು.

ನಾವು ಶಾಕಾಹಾರಿಗಳೆಂದು ಮೊದಲೇ ತಿಳಿಸಿದ್ದೆವು. ಆ ದೇಶದಲ್ಲಿ ತರಕಾರಿಯ ಸಾರಿಗೂ ಒಣಮೀನಿನ ದಾಶಿ ಎಂಬ ತಿಳಿಯೇ ತಳಹದಿ. ಆದ್ದರಿಂದ ಕಣ್ಣಿಗೆ ಕಾಣುವ ಮೀನನ್ನು ತೆಗೆದರಷ್ಟೇ ಸಾಲದು. ಇತರ ಅತಿಥಿಗಳಿಗೆ ಹೊಳೆಮೀನು ಬಂದಾಗ ನಮಗೆ ಬಂದುದು ಕೊಂಬು ಎಂಬ ಸಮುದ್ರದ ಸಸ್ಯವನ್ನೂ ಒಣ ಅಣಬೆಯನ್ನೂ ನೆನೆಸಿ ತೆಗೆದ ತಿಳಿಯ ಸಾರು, ತೋಫು, ಕಾಡಿನ ಸೊಪ್ಪು, ಚೆಸ್ಟ್‌ನಟ್ ಕಾಯಿ ಬೆರೆಸಿದ ಅನ್ನ. ಜೊತೆಗೆ ಈ ಸೀಮೆಯ ವಿಶೇಷವಾದ ಗೋಹೇಮೋಚಿ: ಅನ್ನವನ್ನು ಅರೆಬರೆ ಕುಟ್ಟಿ, ಕಡ್ಡಿಗೆ ಮೆತ್ತಿ, ಅಕ್ರೋಟು, ಎಳ್ಳು, ಸೋಯಾ ಸೇರಿಸಿ ಅರೆದ ಗೊಜ್ಜು ಸವರಿ ಕೆಂಡದಲ್ಲಿ ಸುಟ್ಟದ್ದು. ನಮ್ಮ ಮೂವರಿಗಾಗಿ ಬೇರೆ ಪಾತ್ರೆಯಲ್ಲಿ ತಿಳಿ ಕಾಯಿಸಿದ ಆ ವೃದ್ಧೆಯ ಶ್ರಮವನ್ನು ನೆನೆದು ನಮಗೆ ಸಂಕೋಚವಾಯಿತು.

ಊಟ ಮುಗಿದು ಉಳಿದವರು ಮಲಗಲು ಹೋದ ಮೇಲೆ ನಾವು ಬೆಂಕಿಯ ಬಳಿ ಕುಳಿತೆವು. ಮಗನೇ ದುಭಾಷಿ. 1911ರಲ್ಲಿ ಕಣಿವೆಯ ರೈಲುಮಾರ್ಗ ಪೂರ್ಣಗೊಂಡ ಮೇಲೆ ಈ ಹಾದಿಯಲ್ಲಿ ನಡೆಯುವವರಿಲ್ಲದೆ ಊರುಗಳು ಬಡವಾದವು, ಯುವಕರು ನಗರಗಳಿಗೆ ಹೋದರು, ಮನೆಗಳು ಜರಿಯತೊಡಗಿದವು. 1968ರಲ್ಲಿ ತ್ಸುಮಾಗೋದಲ್ಲಿ ಹಳೆಯ ಮನೆಗಳ ಜೀರ್ಣೋದ್ಧಾರ ಆರಂಭವಾಯಿತು. 1971ರಲ್ಲಿ ಊರವರೆಲ್ಲ ಕೂಡಿ ಮೂರು ನೇಮಗಳ ಸಂಕಲ್ಪ ಮಾಡಿದರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. 1976ರಲ್ಲಿ ಸರಕಾರವು ಅದನ್ನು ರಾಷ್ಟ್ರೀಯ ಮಹತ್ವದ ಸಂರಕ್ಷಿತ ಪ್ರದೇಶವೆಂದು ಗುರುತಿಸಿತು. ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ಊರುಗಳಲ್ಲಿ ಅದೂ ಒಂದು. ಇಂದು ತ್ಸುಮಾಗೋದ ಬೀದಿಯಲ್ಲಿ ವಿದ್ಯುತ್ತಂತಿ ಕಣ್ಣಿಗೆ ಬೀಳುವುದಿಲ್ಲ. ಹಗಲುಹೊತ್ತು ವಾಹನ ಓಡುವುದಿಲ್ಲ.

“ಮೂರು ನೇಮಗಳನ್ನೂ ಪಾಲಿಸಿದ್ದೇವೆ” ಎಂದರು ಮನೆಯೊಡತಿ. “ಆದರೆ ಮನೆಯಲ್ಲಿ ಯಾರಾದರೂ ಇರಬೇಕು ಎಂಬ ನಾಲ್ಕನೆಯ ನೇಮವನ್ನು ಬರೆಯಲು ಬರುವುದಿಲ್ಲವಲ್ಲ. ಮಗಳು ಟೋಕಿಯೋದಲ್ಲಿದ್ದಾಳೆ. ನಮಗೆ ಕೈಲಾಗುವವರೆಗೆ ನಡೆಸುತ್ತೇವೆ. ಅತಿಥಿಗಳು ಬರುತ್ತಾರೆ ಎಂದು ದಿನವೂ ಗುಡಿಸುತ್ತೇವೆ, ಬೆಂಕಿ ಹಾಕುತ್ತೇವೆ. ಅದರಿಂದಲೇ ಮನೆ ನಿಂತಿದೆ.”

ಅನಂತರ ಅವರು ನಮ್ಮ ಕಡೆ ತಿರುಗಿ ಏನನ್ನೋ ಕೇಳಿದರು. ಅದುವರೆಗೆ ಸರಾಗವಾಗಿ ಅನುವಾದಿಸುತ್ತಿದ್ದ ಮಗನು ತಡವರಿಸಿ, ಕೆಂಡವನ್ನೇ ನೋಡುತ್ತ, “ನಿಮ್ಮ ಊರಿನಲ್ಲಿಯೂ ಹಳೆಯ ಮನೆ ಇದೆಯೇ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಿದ್ದಾರೆ, ಅಮ್ಮಾ” ಎಂದನು. ಮನೆ ಇದೆ, ಬೀಗ ಹಾಕಿದೆ ಎಂದೆವು. ಅವನು ಅದನ್ನು ಅವರ ಭಾಷೆಗೆ ತಿರುಗಿಸಿದನು. ಅವರು ಏನೂ ಹೇಳಲಿಲ್ಲ. ಕೆಟಲಿನಿಂದ ನಮ್ಮ ಬಟ್ಟಲುಗಳಿಗೆ ಮತ್ತೆ ಚಹ ಸುರಿದರು.

ಬೆಳಗ್ಗೆ ಅನ್ನ, ಸಾರು, ಉಪ್ಪಿನಕಾಯಿಯ ಉಪಾಹಾರ ಮುಗಿಸಿ ಹೊರಟಾಗ ಇಬ್ಬರೂ ಬೀದಿಯವರೆಗೆ ಬಂದು, ನಾವು ತಿರುವಿನಲ್ಲಿ ಮರೆಯಾಗುವವರೆಗೂ ಕೈಬೀಸುತ್ತಿದ್ದರು.

ಅಲ್ಲಿಗೆ ಹೋಗಬಯಸುವವರಿಗೆ ಒಂದೆರಡು ಸೂಚನೆಗಳು. ಕೋಣೆಗಳು ಕಡಿಮೆಯಾದ್ದರಿಂದ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಶಾಕಾಹಾರವನ್ನು, ಅದರಲ್ಲೂ ಮೀನಿನ ತಿಳಿ ಬೇಡವೆಂಬುದನ್ನು, ಆಗಲೇ ಸ್ಪಷ್ಟಪಡಿಸಬೇಕು. ಊಟವು ಸಂಜೆ ಆರರ ಸುಮಾರಿಗೇ ಆಗುವುದರಿಂದ ಬೆಳಕಿರುವಾಗಲೇ ತಲಪುವುದು ಮರ್ಯಾದೆ. ಕೈಯಲ್ಲಿ ನಗದು ಹಣವಿರಲಿ. ಎಲೆಗಳು ಕೆಂಪಾಗುವ ನವೆಂಬರ್ ತಿಂಗಳು ನಡಿಗೆಗೆ ಹಿತಕರ.

ಊರಿಗೆ ಮರಳಿದ ವಾರದಲ್ಲಿ ನಾವು ಹಿರಿಯರ ಮನೆಗೆ ಹೋದೆವು. ಬೀಗ ತುಕ್ಕು ಹಿಡಿದಿತ್ತು. ಮುಚ್ಚಿದ ಕೋಣೆಗಳಲ್ಲಿ ತೇವದ ವಾಸನೆ. ಅಡಿಗೆಮನೆಯ ಒಂದು ಜಂತಿಗೆ ಗೆದ್ದಲು ಹತ್ತಿತ್ತು. ಕಸ ಗುಡಿಸಿ, ಒಲೆಗೆ ತೆಂಗಿನ ಗರಿ ಇಟ್ಟು ಬೆಂಕಿ ಹಚ್ಚಿ, ಗಂಜಿ ಬೇಯಿಸಿ ಉಂಡೆವು. ಹಂಚಿನ ಸಂದುಗಳಿಂದ ಹೊಗೆ ಹೊರಬರುವುದನ್ನು ಕಂಡು ನೆರೆಮನೆಯ ಮುದುಕರು, “ಯಾರು ಬಂದದ್ದು?” ಎಂದು ಕೇಳುತ್ತ ಗದ್ದೆಯ ಬದು ದಾಟಿ ಬಂದರು. ಮನೆಯ ಭವಿಷ್ಯವನ್ನು ನಾವು ತೀರ್ಮಾನಿಸಿದ್ದೇವೆ ಎಂದು ಹೇಳಲಾರೆವು. ಮಗನು ಹಿಂತಿರುಗುವನೆಂಬ ಭ್ರಮೆಯೂ ನಮಗಿಲ್ಲ. ಆದರೆ ಮರದ ವ್ಯಾಪಾರಿಗೆ ಈ ವರ್ಷ ಬೇಡವೆಂದು ತಿಳಿಸಿದ್ದೇವೆ. ತಿಂಗಳಿಗೆ ಎರಡು ದಿನ ಹೋಗಿ ಉಳಿಯುತ್ತೇವೆ, ಒಲೆ ಹಚ್ಚುತ್ತೇವೆ. ಬರುವ ಮೇ ತಿಂಗಳಿನಲ್ಲಿ ರಜೆಯ ಮೇಲೆ ಬರಲಿರುವ ಮಗನು, ತಾನು ಅಲ್ಲಿಯೇ ಮಲಗುವುದಾಗಿ ಹೇಳಿದ್ದಾನೆ.