ಕುಂಡದ ದಾಳಿಂಬೆ

ನಮ್ಮೂರು ಕಳ್ಳಂಬೆಳ್ಳ. ಊರಿಗೆ ದೊಡ್ಡ ಕೆರೆಯಿದೆ; ನಮಗೆ ಮಾತ್ರ ಈಗ ತೋಟವಿಲ್ಲ. 2021ರಲ್ಲಿ ಅಕ್ಕನ ಮದುವೆಗೆಂದು ಅದನ್ನು ಮಾರುವುದು ನಿಶ್ಚಯವಾದಾಗ ಅಜ್ಜಿ ಯಾರೊಡನೆಯೂ ಜಗಳವಾಡಲಿಲ್ಲ. ತಾತ ನೆಟ್ಟಿದ್ದ ದಾಳಿಂಬೆಯ ಕೊಂಬೆಗೆ ಗೂಟಿ ಕಟ್ಟಿಸಿ, ಬೇರೊಡೆದ ಮೇಲೆ ಕತ್ತರಿಸಿ ತಂದು, ಅಂಗಳದ ಕುಂಡದಲ್ಲಿ ನೆಟ್ಟಳು.

ಮೂರನೆಯ ವರ್ಷ ಅದು ಹೂ ಬಿಟ್ಟಿತು. ಆ ಶ್ರಾವಣದಲ್ಲಿ ಊರಿಗೆ ಹೋದ ನಾನು, ಗಿಡ ಇನ್ನಷ್ಟು ಪುಷ್ಟಿಯಾಗಲೆಂದು ಪಕ್ಕದವರ ತಿಪ್ಪೆಯಿಂದ ಒಂದು ಮಂಕರಿ ಗೊಬ್ಬರ ತಂದು ಸುರಿದೆ.

"ಕಳಿತೈತಾ ನೋಡ್ದೇನೋ ಮಗ?" ಎಂದಳು ಅಜ್ಜಿ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಗೊಬ್ಬರದಲ್ಲಿಯೂ ಹಳತು ಹೊಸತು ಉಂಟೆಂಬುದು ಹೊಳೆಯಲಿಲ್ಲ!

ದಸರಾ ರಜೆಗೆ ಬಂದಾಗ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ನೀರು ಸಾಲದೇನೋ ಎಂದು ಅಜ್ಜಿ, ಪಾಪ, ದಿನಕ್ಕೆರಡು ಬಾರಿ ಚೊಂಬು ತುಂಬ ಹೊಯ್ಯುತ್ತಿದ್ದಳು. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಗಿಡ ಕೈಗೇ ಬಂದುಬಿಟ್ಟಿತು. ಉಳಿದಿದ್ದುದು ಎರಡೋ ಮೂರೋ ಎಳೆ ಬೇರು. ಕುಂಡ ಕವುಚಿ ಎಣಿಸಿದರೆ 11 ಗೊಣ್ಣೆಹುಳು! ಬಿಳಿಯ ಮೈ, ಕಂದು ತಲೆ, ಎದೆಯಡಿ ಆರು ಕಾಲು. ಮುಟ್ಟಿದರೆ ಮುದುರಿಕೊಳ್ಳುವ ಸಾಧುಪ್ರಾಣಿಗಳು. ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೋಳಿಗಾಕು" ಎಂದಷ್ಟೇ ಹೇಳಿ ಒಳಗೆ ಹೋದಳು.

ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಗೆ ಈ ಶತ್ರು ಹೊಸತಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದೆದ್ದು, ರಾತ್ರಿಯೆಲ್ಲ ಬೇವು ಜಾಲಿಗಳ ಎಲೆ ತಿಂದು, ಬೆಳಗಾಗುವ ಮುನ್ನ ಮಣ್ಣಿಗಿಳಿಯುತ್ತವೆ, ಅಲ್ಲಿಯೇ ಮೊಟ್ಟೆಯಿಡುತ್ತವೆ. ಮರಿಗಳು ಬೇರು ತಿಂದು ಬೆಳೆಯುತ್ತವೆ. ಹೊಲದಲ್ಲಿ ಹುಳು ಒಂದು ಗಿಡ ಬಿಟ್ಟು ಇನ್ನೊಂದಕ್ಕೆ ಹೋದೀತು. ಕುಂಡದಲ್ಲಿ ಎಲ್ಲಿಗೆ ಹೋದೀತು?

ಬಲ್ಲವರನ್ನು ಕೇಳಿ, ಮಣ್ಣನ್ನು ಜರಡಿ ಹಿಡಿದು ಬಿಸಿಲಿಗೆ ಹರವಿದೆ. ಚೆನ್ನಾಗಿ ಕಳಿತ ಗೊಬ್ಬರ, ಬೇವಿನ ಹಿಂಡಿ, ಜೊತೆಗೆ ಮೆಟರೈಜಿಯಂ ಎಂಬ ಬೂಷ್ಟಿನ ಪುಡಿ ಬೆರೆಸಿದೆ. ಈ ಬೂಷ್ಟು ಹುಳುವಿನ ಚರ್ಮ ತೂರಿ ಒಳಹೊಕ್ಕು ಅದನ್ನು ಕೊಲ್ಲುತ್ತದೆಯಂತೆ. ಮೆಚ್ನಿಕಾಫ್ ಎಂಬ ವಿಜ್ಞಾನಿ 1879ರಲ್ಲಿಯೇ ಒಡೆಸ್ಸಾದ ಕಡೆ ಗೋಧಿಯ ದುಂಬಿಯ ಮೇಲೆ ಇದನ್ನು ಪ್ರಯೋಗಿಸಿದ್ದನೆಂದು ಆಮೇಲೆ ಓದಿದೆ. ಅಂತೂ ನನ್ನ ಇತಿಹಾಸ ಇಷ್ಟಕ್ಕಾದರೂ ಬಂತು!

ಕೊಂಬೆಗಳನ್ನೆಲ್ಲ ಸವರಿ, ಗೇಣುದ್ದದ ಮೋಟನ್ನು ನೆರಳಿನಲ್ಲಿ ಮತ್ತೆ ನೆಟ್ಟೆ. ದೀಪಾವಳಿ ಕಳೆದರೂ ಅದು ಮೋಟಾಗಿಯೇ ಇತ್ತು. ಸಂಕ್ರಾಂತಿಗೆ ಹೋದಾಗ ಬುಡದ ಹತ್ತಿರ ಎರಡು ಕೆಂಪು ಚಿಗುರು ಕಂಡವು. ಹಿಗ್ಗಿನಿಂದ ಹತ್ತಿರ ಹೋದೆ. ಅಷ್ಟರಲ್ಲಿ ಅಜ್ಜಿ ಬಂದು ಕುಂಡಕ್ಕೆ ಅಡ್ಡ ನಿಂತಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.