ಮರುಭೂಮಿಯ ಅತಿಥಿಗಳು ಮತ್ತು ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರು. ಇವುಗಳಲ್ಲಿ ಆಹಾರದಾನವು ಸುಲಭವೆಂದು ತೋರುತ್ತದೆ. ಹಿಡಿ ಕಾಳನ್ನು ಅಂಗಳಕ್ಕೆ ಚೆಲ್ಲಿದರೆ ಹಕ್ಕಿಗಳು ಬರುತ್ತವೆ. ನೋಡಿದ ಮನಸ್ಸು ಹಗುರಾಗುತ್ತದೆ. ಆದರೆ ಕಾಳು ಚೆಲ್ಲಿದವನ ಹೊಣೆ ಅಲ್ಲಿಗೇ ಮುಗಿಯುತ್ತದೆಯೆ? ರಾಜಸ್ಥಾನದ ಫಲೋದಿಯಲ್ಲಿ ಚಳಿಗಾಲದ ಕೆಲವು ವಾರಗಳನ್ನು ಕಳೆದಾಗ ಈ ಪ್ರಶ್ನೆ ನನ್ನನ್ನು ಬಹುವಾಗಿ ಕಾಡಿತು.

ಫಲೋದಿ ಥಾರ್ ಮರುಭೂಮಿಯ ಪಟ್ಟಣ. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಇಂಥ ಊರಿನಲ್ಲಿ ಹಕ್ಕಿಗೆ ಕಾಳಿಗಿಂತ ನೀರು ದೊಡ್ಡದು. ಹಕ್ಕಿಗಳಿಗಾಗಿ ‘ಪರಿಂಡಾ’ ಎಂಬ ಮಣ್ಣಿನ ಬೋಗುಣಿಯನ್ನು ಮರಕ್ಕೆ ತೂಗುಹಾಕುವುದು ಆ ಸೀಮೆಯ ವಾಡಿಕೆ. ನಾನು ಉಳಿದಿದ್ದ ಮಿತ್ರರ ಮನೆಯ ಮಾಳಿಗೆಗೆ ಬೆಳಗಿನಲ್ಲಿ ಗುಬ್ಬಿಗಳೂ ಬೆಳವಗಳೂ ಬಿಳಿಗೆನ್ನೆಯ ಪಿಕಳಾರಗಳೂ ನೀರಿಗೆ ಬರುತ್ತಿದ್ದವು. ಆ ಮನೆಯ ಹಿರಿಯ ತಾಯಿಯವರು ಗಾಳಿಸಿದ ನೀರನ್ನೇ ತುಂಬುತ್ತಿದ್ದರು. ಹಿಂದಿನ ದಿನದ ನೀರು ಉಳಿಯಲು ಬಿಡುತ್ತಿರಲಿಲ್ಲ. ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ಹುಟ್ಟಿದ ಮೇಲೆ ಚೆಲ್ಲಿದರೆ ಹಿಂಸೆ, ಚೆಲ್ಲದಿದ್ದರೆ ರೋಗ ಎಂದು ಅವರು ಹೇಳುತ್ತಿದ್ದರು. ಸಣ್ಣ ಹಕ್ಕಿ ಕಾಲೂರಲೆಂದು ಬೋಗುಣಿಯ ನಡುವೆ ಒಂದು ಕಲ್ಲನ್ನೂ ಇಟ್ಟಿದ್ದರು.

ಇದೇ ವಿವೇಕದ ದೊಡ್ಡ ರೂಪವನ್ನು ಫಲೋದಿಗೆ ಹೊಂದಿದಂತಿರುವ ಖೀಚನ್ ಗ್ರಾಮದಲ್ಲಿ ಕಂಡೆನು. ಮಂಗೋಲಿಯಾ ಹಾಗೂ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಕುರ್ಜಾ ಎಂಬ ಕ್ರೌಂಚಗಳು ಹಿಮಾಲಯವನ್ನು ದಾಟಿ ಬಂದು ಮಾರ್ಚ್‌ವರೆಗೆ ಇಲ್ಲಿರುತ್ತವೆ. 1970ರ ದಶಕದಲ್ಲಿ ರತನ್‌ಲಾಲ್ ಮಾಲೂ ಎಂಬ ಜೈನ ಗೃಹಸ್ಥರು ಪಾರಿವಾಳಗಳಿಗೆ ಹಾಕುತ್ತಿದ್ದ ಕಾಳಿಗೆ ಕೆಲವೇ ಕುರ್ಜಾಗಳು ಬಂದವಂತೆ. ಈಗ ಸಾವಿರಾರು ಬರುತ್ತವೆ. ನಾಯಿಗಳ ಕಾಟ ತಪ್ಪಿಸಲು ಬೇಲಿ ಹಾಕಿದ ‘ಚುಗ್ಗಾ ಘರ್’ ಉಂಟು. ಅಲ್ಲಿ ಸಾಲುಸಾಲಾಗಿ ಇಳಿದು ಜೋಳವನ್ನು ಹೆಕ್ಕಿ, ಬಳಿಕ ಅವು ವಿಜಯಸಾಗರ ಮೊದಲಾದ ಕೆರೆಗಳತ್ತ ಹಾರುತ್ತವೆ. 2025ರಲ್ಲಿ ಖೀಚನ್‌ಗೆ ರಾಮ್ಸಾರ್ ತಾಣದ ಮನ್ನಣೆಯೂ ದೊರೆಯಿತು.

ಇಷ್ಟು ದೊಡ್ಡ ಅತಿಥಿಸಮೂಹ ಬಂದಲ್ಲಿ ಅಪಾಯಗಳೂ ಬಂದವು. ಆಕಾಶದಲ್ಲಿ ಎಳೆದ ವಿದ್ಯುತ್ ತಂತಿಗಳಿಗೆ ತಗುಲಿ ಕುರ್ಜಾಗಳು ಸತ್ತವು. ಸ್ಥಳೀಯರ ಹೋರಾಟದಿಂದ ಈ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2021ರ ನವೆಂಬರಿನಲ್ಲಿ ಜೋಧಪುರ ಸೀಮೆಯ ಕಾಪರಡಾ ಬಳಿ ಹಕ್ಕಿಜ್ವರಕ್ಕೆ ಅನೇಕ ಕುರ್ಜಾಗಳು ಬಲಿಯಾದವು. ಹಕ್ಕಿಗಳು ಒತ್ತಾಗಿ ಸೇರಿದಲ್ಲಿ ರೋಗವು ಬೇಗ ಹಬ್ಬುತ್ತದೆಂಬುದನ್ನು ಕಾಳು ಹಾಕುವವರು ಮರೆಯಲಾಗದು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಒಂದು, ಅನ್ನಪಾನನಿರೋಧವೂ ಒಂದು. ಪಂಜರದಲ್ಲಿಟ್ಟು ಹಕ್ಕಿಯ ಚೆಲುವನ್ನು ಸವಿಯುವುದು ಬಂಧವೆಂದು ಯಾರೂ ಒಪ್ಪುವರು. ಆದರೆ ವರ್ಷಗಟ್ಟಲೆ ಒಂದು ಅಂಗಳಕ್ಕೆ ಹಕ್ಕಿಗಳನ್ನು ರೂಢಿಮಾಡಿಸಿ, ಬೇಸರವಾದ ದಿನ ಕಾಳು–ನೀರನ್ನು ನಿಲ್ಲಿಸಿಬಿಡುವುದು ಅನ್ನಪಾನನಿರೋಧಕ್ಕೆ ಎಷ್ಟು ದೂರ? ಇದನ್ನು ಪ್ರತಿಯೊಬ್ಬ ಶ್ರಾವಕನೂ ತನ್ನೊಳಗೆ ವಿಚಾರಿಸಿಕೊಳ್ಳಬೇಕು. ಕರೆದವನಿಗೆ ಕಾಯುವ ಕರ್ತವ್ಯವೂ ಇದೆ. ಆಹಾರದಾನದ ಜೊತೆಗೆ ಅಭಯದಾನವೂ ಸೇರಿದಾಗಲೇ ಅದು ಪೂರ್ಣವಾಗುತ್ತದೆ.

ನಮ್ಮ ನಾಡಿನ ಬಸದಿಗಳ ಅಂಗಳದಲ್ಲಿಯೂ ಕಾಳು ಹಾಕುವ ಪದ್ಧತಿಯಿದೆ. ವಿಶ್ವಸ್ತ ಮಂಡಳಿಯವರು ದಾನಿಗಳಿಂದ ಧಾನ್ಯ ಪಡೆಯುವುದರೊಡನೆ ಕೆಲವು ಸಣ್ಣ ನಿಯಮಗಳನ್ನು ಪಾಲಿಸಬಹುದು: ಸಂಜೆಯೊಳಗೆ ಮುಗಿಯುವಷ್ಟೇ ಕಾಳು, ಪ್ರತಿದಿನ ಗುಡಿಸಿದ ನೆಲ, ದಿನವೂ ತೊಳೆದು ಹೊಸ ನೀರು ತುಂಬಿದ ಪಾತ್ರೆ, ಬೆಕ್ಕು–ನಾಯಿಗಳು ಹೊಂಚುಹಾಕದಂತಹ ಬಯಲು ಜಾಗ, ಸತ್ತ ಅಥವಾ ಮಂಕಾದ ಹಕ್ಕಿಗಳು ಕಂಡುಬಂದರೆ ಮುಟ್ಟದೆ ಪಶುವೈದ್ಯರಿಗೆ ಕೂಡಲೇ ಸುದ್ದಿ. ಇವುಗಳಿಗೆ ಹೆಚ್ಚಿನ ಹಣ ಬೇಕಿಲ್ಲ. ದಿನವೂ ತಪ್ಪದೆ ಮಾಡುವ ಒಬ್ಬರು ಬೇಕು. ಅಂಥವರನ್ನು ಗುರುತಿಸಿ ನೇಮಿಸುವುದು ಮಂಡಳಿಯ ಕೆಲಸ.