ಕೆರೆ ಕಾಯುವ ನೆರೆಹೊರೆ

ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಇಬ್ಬಲೂರಿನ ಬಳಿ ಬಿಟ್ಟು ಸರ್ಜಾಪುರದ ಕಡೆಗೆ ಹೊರಳಿದರೆ ಮೊದಲು ಎದುರಾಗುವುದು ವಾಹನಗಳ ಸಾಲು. ರಸ್ತೆಯ ಎರಡೂ ಬದಿಗೆ ಮುಗಿಲಿಗೆ ಏಣಿ ಹಾಕಿದಂತೆ ನಿಂತ ಬಹುಮಹಡಿ ಕಟ್ಟಡಗಳು, ಅವುಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಅಂಗಡಿ, ಹೋಟೆಲು, ಬ್ಯಾಂಕು. ಇಲ್ಲೊಂದು ಹಳ್ಳಿ ಇತ್ತೆಂದರೆ ಹೊಸಬರು ನಂಬಲಾರರು. ಆದರೆ ಗದ್ದಲದ ಈ ರಸ್ತೆಗೆ ಅಂಟಿಕೊಂಡೇ ಒಂದು ಗೇಟು ಇದೆ. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಹಾರ್ನ್ ಸದ್ದು ಹಿಂದೆ ಸರಿಯುತ್ತದೆ. ಕಣ್ಣೆದುರು ನೀರು ಹರಡಿಕೊಳ್ಳುತ್ತದೆ. ಅದು ಕೈಕೊಂಡ್ರಹಳ್ಳಿ ಕೆರೆ. ವಿಸ್ತೀರ್ಣ ಸುಮಾರು 48 ಎಕರೆ.

ಬೆಳಗಿನ ಹೊತ್ತು ಇಲ್ಲಿ ಒಂದು ಸುತ್ತು ಹಾಕಿದವರಿಗೆ ಹಲವು ಲೋಕಗಳ ದರ್ಶನವಾಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವ ಸಾಫ್ಟ್‌ವೇರ್ ಉದ್ಯೋಗಿ, ಮೊಮ್ಮಗುವಿನ ಕೈಹಿಡಿದು ನಿಧಾನವಾಗಿ ಹೆಜ್ಜೆ ಹಾಕುವ ಅಜ್ಜ, ಬೈನಾಕ್ಯುಲರ್ ಹಿಡಿದು ಜೊಂಡಿನ ಮರೆಗೆ ಕಣ್ಣು ನೆಟ್ಟ ಕಾಲೇಜು ಹುಡುಗರು. ನೀರಿನ ಮೇಲೆ ನಾಮದ ಕೋಳಿಗಳ ಗುಂಪು, ಒಣಕೊಂಬೆಯ ಮೇಲೆ ರೆಕ್ಕೆ ಹರವಿ ಕೂತ ನೀರುಕಾಗೆ, ಋತು ಕೂಡಿಬಂದರೆ ದೊಡ್ಡ ಕೊಕ್ಕಿನ ಹೆಜ್ಜಾರ್ಲೆ. ಕೆರೆಯ ಅಂಚಿನಲ್ಲೇ ಸರ್ಕಾರಿ ಶಾಲೆಯೊಂದಿದೆ.

ಇದೆಲ್ಲ ತಾನಾಗಿಯೇ ಉಳಿದುಬಂದದ್ದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬಂದಿದ್ದರೆ ಇಲ್ಲಿ ಕಾಣುತ್ತಿದ್ದುದು ಬಿರುಕು ಬಿಟ್ಟ ನೆಲ, ಕಸದ ಗುಡ್ಡೆ, ಮೂಗು ಮುಚ್ಚಿಸುವ ಕೊಳಚೆ ನೀರು. ಕೆರೆ ಮತ್ತೆ ಕೆರೆಯಾದುದರ ಹಿಂದೆ ನೆರೆಹೊರೆಯವರ ಶ್ರಮವಿದೆ.

ಸರಪಳಿಯ ಒಂದು ಕೊಂಡಿ

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ಅದಕ್ಕೆಂದೇ ಹಿಂದಿನವರು ತಗ್ಗು ಸಿಕ್ಕಲ್ಲೆಲ್ಲ ಏರಿ ಹಾಕಿ ಮಳೆನೀರನ್ನು ಹಿಡಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹೋಗಬೇಕು, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಕೈಕೊಂಡ್ರಹಳ್ಳಿ ಕೆರೆ ಅಂಥ ಸರಪಳಿಯ ಒಂದು ಕೊಂಡಿ. ಹರಳೂರು, ಕಸವನಹಳ್ಳಿ ಕೆರೆಗಳು ಇದೇ ಸರಪಳಿಯವು. ಕೈಕೊಂಡ್ರಹಳ್ಳಿಯಲ್ಲಿ ಹೆಚ್ಚಾದ ನೀರು ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ.

ಈ ಸೀಮೆಯ ಕೆರೆಗಳ ಚರಿತ್ರೆ ತುಂಬ ಹಳೆಯದು. ಇಲ್ಲಿಗೆ ಹತ್ತಿರದ ಅಗರದಲ್ಲಿ ಸಿಕ್ಕ ಒಂಬತ್ತನೇ ಶತಮಾನದ ಶಾಸನವೊಂದು, ಇರುಗಮಯ್ಯನೆಂಬಾತ ಎರಡು ಕೆರೆಗಳಿಗೆ ತೂಬು ಇರಿಸಿ ಇನ್ನೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಗದ್ದೆಯನ್ನು ಉಂಬಳಿಯಾಗಿ ಬಿಡುವ ರೂಢಿಯಿತ್ತು; ಅದಕ್ಕೆ ಬಿತ್ತುವಟ್ಟ ಎಂದು ಹೆಸರು. ತೂಬು ತೆಗೆದು ಗದ್ದೆ ಗದ್ದೆಗೆ ನೀರು ಹಂಚಲು ನೀರಗಂಟಿ ಇದ್ದ. ಹೂಳು ತೆಗೆಯಲು ಊರವರು ಕೂಡುತ್ತಿದ್ದರು. ಆ ಗೋಡು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕೆರೆ ಕಾಯುವುದು ದಾನಧರ್ಮವಲ್ಲ, ಬದುಕಿನ ಲೆಕ್ಕಾಚಾರವಾಗಿತ್ತು.

ನಲ್ಲಿಯಲ್ಲಿ ಕಾವೇರಿ ಬಂದಳು, ಮನೆಮನೆಗೆ ಕೊಳವೆಬಾವಿ ಬಂತು, ಗದ್ದೆಗಳು ಸೈಟುಗಳಾದವು. ನೀರಗಂಟಿಗೆ ಕೆಲಸ ಉಳಿಯಲಿಲ್ಲ. ಕೆರೆಯಿಂದ ನೇರ ಉಪಯೋಗ ಯಾವಾಗ ತಪ್ಪಿತೋ ಆಗಲೇ ಕೆರೆಗೆ ಕಾವಲೂ ತಪ್ಪಿತು. ನೀರು ಬರುವ ಕಾಲುವೆಗಳ ಮೇಲೆ ಕಟ್ಟಡಗಳು ಎದ್ದವು; ಉಳಿದ ಕಾಲುವೆಗಳಲ್ಲಿ ಕೊಳಚೆ ಹರಿಯಿತು.

ಹಳಬರು, ಹೊಸಬರು ಕೂಡಿದಾಗ

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಮಹದೇವಪುರದ ಈ ಭಾಗವೂ ಅದರೊಳಗೆ ಬಂತು. ಮುಂದಿನ ಒಂದೆರಡು ವರ್ಷಗಳಲ್ಲಿ ಪಾಲಿಕೆ ಕೈಕೊಂಡ್ರಹಳ್ಳಿ ಕೆರೆಯ ಜೀರ್ಣೋದ್ಧಾರಕ್ಕೆ ಮುಂದಾದಾಗ ಸುತ್ತಲಿನ ನಿವಾಸಿಗಳು ಸುಮ್ಮನೆ ನೋಡುತ್ತ ನಿಲ್ಲಲಿಲ್ಲ. ಅಪಾರ್ಟ್‌ಮೆಂಟಿನ ಹೊಸಬರು, ಹಳ್ಳಿಯ ಹಳಬರು, ಪರಿಸರ ತಜ್ಞರು ಎಂಜಿನಿಯರುಗಳೊಂದಿಗೆ ಕೂತು ನಕ್ಷೆಯನ್ನು ಬಿಡಿಸಿ ನೋಡಿದರು.

ಕೆರೆ ಅಭಿವೃದ್ಧಿ ಎಂದರೆ ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿ, ಬಟ್ಟಲಿನಂತೆ ಅಗೆದು, ದೋಣಿ ಬಿಡುವುದು ಎಂಬ ಕಲ್ಪನೆ ಆಗ ಬಲವಾಗಿತ್ತು. ಇಲ್ಲಿ ಬೇರೆ ದಾರಿ ಹಿಡಿಯಲಾಯಿತು. ಹಕ್ಕಿಗಳು ಕೂರಲು ನಡುಗಡ್ಡೆ ಬೇಕು, ನೀರು ತಿಳಿಯಾಗಲು ಅಂಚಿನಲ್ಲಿ ಜೊಂಡು ಬೇಕು, ನಡೆಯುವವರಿಗೆ ಮಣ್ಣಿನ ದಾರಿ ಸಾಕು, ಮಕ್ಕಳಿಗೆ ಪಾಠಕ್ಕೂ ಆಟಕ್ಕೂ ಆಗುವಂತೆ ಬಯಲು ರಂಗಮಂದಿರವಿರಲಿ ಎಂಬ ಮಾತುಗಳಿಗೆ ಮನ್ನಣೆ ಸಿಕ್ಕಿತು. 2011ರ ಹೊತ್ತಿಗೆ ಕೆರೆಯಲ್ಲಿ ಮತ್ತೆ ನೀರು ನಿಂತಿತು. ನೀರು ನಿಂತದ್ದೇ ತಡ, ಹಕ್ಕಿಗಳು ಹೇಳಿಕಳಿಸಿದವರಂತೆ ಬಂದಿಳಿದವು.

ಗುತ್ತಿಗೆದಾರ ಯಂತ್ರ ಕಟ್ಟಿಕೊಂಡು ಹೊರಟ ಮೇಲೆ ಮುಂದೇನು? ನಗರದ ಎಷ್ಟೋ ಕೆರೆಗಳ ಉದ್ಘಾಟನೆಯ ಕಲ್ಲು ಉಳಿದು ಕೆರೆಯೇ ಮತ್ತೆ ಕೊಳೆತ ಉದಾಹರಣೆಗಳಿವೆ. ಇಲ್ಲಿ ಆ ಪ್ರಶ್ನೆಗೆ ಉತ್ತರವಾಗಿ ರೂಪುಗೊಂಡದ್ದು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಜನ ಇದನ್ನು ‘ಮ್ಯಾಪ್ಸಾಸ್’ ಎನ್ನುತ್ತಾರೆ. ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು, ದಾನಿಗಳ ನೆರವು ಪಡೆದು, ಕೆರೆಯ ದಿನನಿತ್ಯದ ಉಸ್ತುವಾರಿಗೆ ಈ ಸಮಿತಿ ಹೆಗಲು ಕೊಟ್ಟಿತು.

ಹೆಗಲು ಕೊಡುವುದೆಂದರೆ ಭಾಷಣವಲ್ಲ. ಕಾವಲುಗಾರ ಬಂದನೇ, ಗಿಡಗಳಿಗೆ ನೀರು ಬಿತ್ತೇ, ಬೇಲಿ ಎಲ್ಲಿ ಮುರಿದಿದೆ, ನಿನ್ನೆಯ ಮಳೆಗೆ ಯಾವ ಕಾಲುವೆಯಿಂದ ಕೊಳಚೆ ನುಗ್ಗಿತು ಎಂದು ನೋಡಬೇಕು. ನೋಡಿದ್ದನ್ನು ಬರೆದಿಡಬೇಕು. ಪಾಲಿಕೆಗೆ, ಜಲಮಂಡಳಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಬೇಕು. ಉತ್ತರ ಬಾರದಿದ್ದರೆ ಮತ್ತೆ ಕೊಡಬೇಕು. ಸಂಘದ ಸಭೆಗಳಲ್ಲಿ ನಡೆಯುವ ಇಂಥ ನೀರಸ ಕೆಲಸವೇ ಕೆರೆಯ ಜೀವಾಳ.

ಯಾರ ಕೆರೆ?

ನಗರದ ಕೆರೆಗೆ ಬೇಲಿ ಬಿದ್ದಾಗ ಒಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ವಾಯುವಿಹಾರಕ್ಕೆ ಬರುವವರಿಗೆ ಅದು ಸುಂದರ ತಾಣ. ಆದರೆ ಹಸುವಿಗೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಊರದೇವತೆಯ ಪೂಜೆಗೆ ಬರುವವರು ಏನಾಗಬೇಕು? ಬೇಲಿಯ ಆಚೆ ಉಳಿಯುವವರು ಸಾಮಾನ್ಯವಾಗಿ ಅವರೇ, ಕೆರೆಯೊಂದಿಗೆ ತಲೆಮಾರುಗಳ ಸಂಬಂಧ ಇದ್ದವರೇ. 2000ದ ದಶಕದಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಇದೇ ಕಾರಣಕ್ಕೆ ವಿರೋಧ ಎದ್ದು, 2008ರಲ್ಲಿ ವಿಷಯ ಹೈಕೋರ್ಟಿನ ಮೆಟ್ಟಿಲೇರಿತ್ತು.

ಕೈಕೊಂಡ್ರಹಳ್ಳಿಯಲ್ಲಿ ಹುಲ್ಲು ಕೊಯ್ಯುವವರಿಗೂ ಮೀನುಗಾರರಿಗೂ ಜಾಗ ಉಳಿಯಿತು. ಇದು ಬರೀ ಔದಾರ್ಯವಲ್ಲ. ಅಂಚಿನ ಹುಲ್ಲನ್ನು ಕೊಯ್ದು ಹೊರಗೆ ಒಯ್ದರೆ ಕೊಳಚೆಯಿಂದ ಬಂದ ಸಾರಜನಕ, ರಂಜಕಗಳಲ್ಲಿ ಒಂದಷ್ಟು ಅದರೊಂದಿಗೇ ಹೊರಹೋಗುತ್ತದೆ. ಅವು ನೀರಿನಲ್ಲೇ ಉಳಿದರೆ ಪಾಚಿ ಕೊಬ್ಬುತ್ತದೆ. ಹಗಲಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿಯಲ್ಲಿ ಅದನ್ನೇ ಹೀರುತ್ತದೆ; ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟುತ್ತದೆ. ಕೆರೆಗಳಲ್ಲಿ ಮೀನುಗಳು ಸತ್ತು ತೇಲುವುದು ಹೆಚ್ಚಾಗಿ ಮುಂಜಾನೆಯ ಹೊತ್ತಿನಲ್ಲೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹಸುವಿಗಾಗಿ ಹುಲ್ಲು ಕೊಯ್ಯುವ ಕೈ, ತನಗೆ ಅರಿವಿಲ್ಲದೆಯೇ ಮೀನನ್ನೂ ಕಾಯುತ್ತಿರುತ್ತದೆ!

ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ, ಆದ್ದರಿಂದ ಅದು ಹಾಳಾಗಿಯೇ ತೀರುತ್ತದೆ ಎಂಬ ವಾದವನ್ನು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಮುಂದಿಟ್ಟಿದ್ದರು. ಹಾಗಾಗಲೇಬೇಕೆಂದಿಲ್ಲ; ಬಳಸುವವರೇ ಕೂಡಿ ನಿಯಮ ಮಾಡಿಕೊಂಡು, ಪರಸ್ಪರ ಕಣ್ಣಿಟ್ಟು, ತಪ್ಪಿದವರನ್ನು ತಿದ್ದಿ ಕಾಪಾಡಿಕೊಳ್ಳಬಲ್ಲರು ಎಂದು ಊರೂರಿನ ನಿದರ್ಶನಗಳಿಂದ ತೋರಿಸಿದವರು ಅಮೆರಿಕದ ಎಲಿನಾರ್ ಆಸ್ಟ್ರಮ್. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು; ಆ ಗೌರವ ಸಂದದ್ದು 2009ರಲ್ಲಿ. ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರೊಡನೆ ಆಸ್ಟ್ರಮ್ ಈ ನಗರದ ಏಳು ಕೆರೆಗಳನ್ನು ಅಧ್ಯಯನ ಮಾಡಿದ್ದರು. ಅವರು ತೀರಿಕೊಂಡ ಎರಡು ವರ್ಷಗಳ ನಂತರ, 2014ರಲ್ಲಿ, ಆ ಪ್ರಬಂಧ ಪ್ರಕಟವಾಯಿತು. ನಮ್ಮ ನೀರಗಂಟಿಯ ಕಾಲದ ವಿವೇಕವನ್ನೇ ಅವರ ಶಾಸ್ತ್ರ ಬೇರೆ ಮಾತಿನಲ್ಲಿ ಹೇಳುವಂತಿದೆ.

ಗೆದ್ದ ಮೇಲೂ ಮುಗಿಯದ ಕೆಲಸ

ಇಷ್ಟಾದರೂ ಕೈಕೊಂಡ್ರಹಳ್ಳಿಯದು ಸುಖಾಂತ್ಯದ ಕಥೆ ಎಂದು ಹೇಳಿ ಮುಗಿಸುವಂತಿಲ್ಲ. ಮೇಲಿನಿಂದ ಬರುವ ನೀರು ಕೆಟ್ಟರೆ ಈ ಕೆರೆಯೂ ಕೆಡುತ್ತದೆ. ಇದೇ ಸರಪಳಿಯ ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಉಕ್ಕಿಸಿ, 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದು, ದೇಶವಿದೇಶಗಳಲ್ಲಿ ಸುದ್ದಿಯಾದುದನ್ನು ಯಾರೂ ಮರೆತಿಲ್ಲ. ಒಂದು ಕೊಂಡಿಯನ್ನಷ್ಟೇ ಉಜ್ಜಿ ಹೊಳಪಿಸಿದರೆ ಸರಪಳಿ ಉಳಿಯದು.

ಕಾನೂನೂ ಒಂದೇ ಕಡೆ ನಿಲ್ಲಲಿಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗದಲ್ಲಿ ಕಟ್ಟಡ ಕೂಡದೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿದಾಗ ಮಾಸ್ಟರ್ ಪ್ಲಾನಿನ 30 ಮೀಟರ್ ನಿಯಮವೇ ಉಳಿಯಿತು. 2020ರ ಮಾರ್ಚ್‌ನಲ್ಲಿ ಹೈಕೋರ್ಟ್, ಕೆರೆಗಳ ವಿಷಯದಲ್ಲಿ ಕಾರ್ಪೊರೇಟ್ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದನ್ನು ತಡೆಯಿತು. ಕೆರೆ ಸಾರ್ವಜನಿಕರ ಸ್ವತ್ತು, ಅದನ್ನು ಕಾಯುವ ಹೊಣೆ ಸರ್ಕಾರದ್ದು ಎಂಬ ತತ್ವದಲ್ಲಿ ತಪ್ಪೇನೂ ಇಲ್ಲ. ಆದರೆ ದಾನಿಗಳ ಹಣವನ್ನು ನೆಚ್ಚಿಕೊಂಡು ದುಡಿಯುತ್ತಿದ್ದ ನೆರೆಹೊರೆಯ ಸಂಘಗಳಿಗೆ ಇದರಿಂದ ಇಕ್ಕಟ್ಟಾಯಿತು. ಆ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಇಲ್ಲವಾಗಿ ಅದರ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು. ಅರ್ಜಿಯ ಮೇಲಿನ ವಿಳಾಸ ಬದಲಾಯಿತು. ಅರ್ಜಿ ಬರೆಯುವ ಅಗತ್ಯ ಬದಲಾಗಲಿಲ್ಲ.

ಇಲ್ಲೇ ನಾಗರಿಕ ಸಂಘಗಳ ನಿಜವಾದ ಪರೀಕ್ಷೆ ಇರುವುದು. ಒಪ್ಪಂದ ಇರಬಹುದು, ಇಲ್ಲದಿರಬಹುದು. ಹಣ ಬರಬಹುದು, ನಿಲ್ಲಬಹುದು. ಆದರೆ ಕೆರೆಯ ಸುತ್ತ ನಡೆದು ನೋಡಲು, ನೋಡಿದ್ದನ್ನು ದಿನಾಂಕ ಸಹಿತ ಬರೆಯಲು, ಸಂಬಂಧಪಟ್ಟವರನ್ನು ಕೇಳಲು ಯಾರ ಪರವಾನಗಿಯೂ ಬೇಕಿಲ್ಲ. 1992ರ ಸಂವಿಧಾನದ 74ನೇ ತಿದ್ದುಪಡಿ ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಹೇಳಿದ್ದು ಕೂಡ ಕೇಳುವ ಈ ಹಕ್ಕು ಜನರ ಮನೆಬಾಗಿಲಿಗೆ ಬರಲೆಂದೇ.

ಮಕ್ಕಳ ನೋಟ್‌ಬುಕ್

ರಜೆ ಬಂದೊಡನೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ತಲೆ ಕೆಡಿಸಿಕೊಳ್ಳುವ ತಂದೆ ತಾಯಂದಿರು ಒಂದು ಮುಂಜಾನೆ ಇತ್ತ ಬರಬಹುದು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ‘ಸ್ಥಳೀಯ ಸಂಸ್ಥೆಗಳು’ ಎಂಬ ಪಾಠ ಬಾಯಿಪಾಠವಾಗಿ ಉಳಿಯುತ್ತದೆ. ಕೆರೆಯ ಏರಿಯ ಮೇಲೆ ಅದಕ್ಕೆ ಜೀವ ಬರುತ್ತದೆ. ನೀರು ಎಲ್ಲಿಂದ ಒಳಬರುತ್ತದೆ, ಕೋಡಿ ಎಲ್ಲಿದೆ, ಕಾಲುವೆಯ ನೀರಿನ ಬಣ್ಣವೇನು, ವಾಸನೆ ಇದೆಯೇ, ಎಷ್ಟು ಬಗೆಯ ಹಕ್ಕಿ ಕಂಡವು ಎಂದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದರೆ ಸಾಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ಬಂದು ಬರೆದರೆ ಎರಡು ಪುಟಗಳ ನಡುವಿನ ವ್ಯತ್ಯಾಸವೇ ಒಂದು ಪಾಠ.

ಇದಕ್ಕೆ ಸರ್ಜಾಪುರ ರಸ್ತೆಗೇ ಬರಬೇಕೆಂದೇನೂ ಇಲ್ಲ. ಪ್ರತಿ ಊರಿಗೂ ಒಂದು ಕೆರೆಯೋ, ಕಲ್ಯಾಣಿಯೋ, ಪಾಳುಬಿದ್ದ ಉದ್ಯಾನವೋ ಇದ್ದೇ ಇರುತ್ತದೆ. ಅದನ್ನು ತಮ್ಮದೆಂದು ತಿಳಿದ ನಾಲ್ಕು ಮನೆಗಳವರು ಮಾತ್ರ ಎಲ್ಲೆಡೆ ಇರುವುದಿಲ್ಲ.

ಸಂಜೆಯಾಗುತ್ತಿದ್ದಂತೆ ಕೈಕೊಂಡ್ರಹಳ್ಳಿಯಲ್ಲಿ ಬೆಳ್ಳಕ್ಕಿಗಳು ನಡುಗಡ್ಡೆಯ ಮರಗಳಿಗೆ ಮರಳುತ್ತವೆ. ಹೊರಗೆ ರಸ್ತೆಯಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ಹೊಸ ನೀರಗಂಟಿಗಳಿಗೆ ಬಿತ್ತುವಟ್ಟದ ಗದ್ದೆಯಿಲ್ಲ. ಸಿಗುವುದು ಈ ಸಂಜೆಯ ನೋಟವೊಂದೇ. ಅದೂ ಅವರೊಬ್ಬರಿಗೇ ಅಲ್ಲ, ಗೇಟು ದಾಟಿ ಬಂದ ಎಲ್ಲರಿಗೂ.